ಕಪ್ಪು ಕೂದಲಿಗೆ ಕೆಂಚು ಛಾಯೆ: ಜೇನು ಮತ್ತು ಲಿಂಬೆಯನ್ನು ಬಳಸುವ ಕ್ರಮ

ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಸರಿಪಡಿಸುತ್ತ ಕುಳಿತವರ ತಲೆಗೂದಲನ್ನು ಹತ್ತಿರದಿಂದ ಗಮನಿಸಿದರೆ, ಬುಡದಲ್ಲಿ ಕಡುಕಪ್ಪಾಗಿರುವ ಕೂದಲು ತುದಿಗೆ ಹೋದಂತೆ ಕೆಂಚಗಾಗಿರುವುದು ಕಾಣುತ್ತದೆ. ಬಿಸಿಲು ಮತ್ತು ಉಪ್ಪುನೀರು ತಿಂಗಳುಗಟ್ಟಲೆ ಮಾಡಿದ ಕೆಲಸವದು. ಅಡುಗೆಮನೆಯ ಸಾಮಗ್ರಿಗಳಿಂದಲೂ ಆಗುವುದು ಬಹುಮಟ್ಟಿಗೆ ಇಷ್ಟೇ. ಕೂದಲಿನ ಒಳಪದರದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಉತ್ಕರ್ಷಣೆಗೊಂಡು ಒಡೆಯುವಾಗ ಕಪ್ಪು ಮೊದಲು ತೆಳುವಾಗಿ, ಕೆಳಗಿನ ಕೆಂಪು-ಕಂದು ಮೇಲೆ ಬರುತ್ತದೆ. ಆದ್ದರಿಂದ ನಮ್ಮ ಕೂದಲಿನಲ್ಲಿ ಒಂದು ಅಥವಾ ಎರಡು ಛಾಯೆಯ ವ್ಯತ್ಯಾಸವನ್ನಷ್ಟೇ ನಿರೀಕ್ಷಿಸಬೇಕು. ಹೊಂಬಣ್ಣ ಬೇಕೆನ್ನುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ.

ನಾನು ಮೊದಲ ಸ್ಥಾನ ಕೊಡುವುದು ಜೇನುತುಪ್ಪಕ್ಕೆ. ಜೇನಿನಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಗಟ್ಟಿ ಜೇನಿನಲ್ಲಿ ಅದು ನಿಷ್ಕ್ರಿಯವಾಗಿದ್ದು, ನೀರು ಬೆರೆತೊಡನೆ ಚುರುಕಾಗಿ ಅತಿ ಸಣ್ಣ ಪ್ರಮಾಣದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಉತ್ಪಾದಿಸುತ್ತದೆ. ಸಲೂನುಗಳ ಬ್ಲೀಚಿನಲ್ಲಿರುವುದೂ ಅದೇ ವಸ್ತು, ಆದರೆ ಅಲ್ಲಿ ಅದರ ಸಾಂದ್ರತೆ ಬಹಳ ಹೆಚ್ಚು. ಕಾಯಿಸಿದರೆ ಈ ಕಿಣ್ವ ನಾಶವಾಗುವುದರಿಂದ, ಬಿಸಿ ಮಾಡಿ ಸೋಸಿದ ಬಾಟಲಿ ಜೇನಿಗಿಂತ ಶಿರಸಿ, ಸಿದ್ದಾಪುರದ ಕಡೆ ಮನೆಗಳಲ್ಲಿ ಪೆಟ್ಟಿಗೆಯಿಂದ ತೆಗೆದ ಹಸಿ ತುಡುವೆ ಜೇನು ಈ ಕೆಲಸಕ್ಕೆ ಉತ್ತಮ.

ಎರಡು ದೊಡ್ಡ ಚಮಚ ಜೇನಿಗೆ ಎಂಟು ಚಮಚ ತಣ್ಣೀರು ಬೆರೆಸಿ, ಒಂದು ಗಂಟೆ ಮುಚ್ಚಿಡಬೇಕು. ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಬಕೆಟ್ಟಿನ ತಳದಲ್ಲಿ ಕೆಂಪು ಕಲೆ ಬಿಡುವಂಥ, ಕಬ್ಬಿಣದ ಅಂಶವುಳ್ಳ ಬಾವಿನೀರು ಪೆರಾಕ್ಸೈಡನ್ನು ಕೂದಲಿಗೆ ತಲುಪುವ ಮೊದಲೇ ಒಡೆದುಹಾಕುವುದರಿಂದ, ಅಂಥಲ್ಲಿ ಫಿಲ್ಟರ್ ಮಾಡಿದ ನೀರನ್ನು ಬಳಸಬೇಕು. ಮಿಶ್ರಣವನ್ನು ಒದ್ದೆ ಕೂದಲಿಗೆ ಎಳೆ ಎಳೆಯಾಗಿ ಹಚ್ಚಿ, ಅದು ಒಣಗದಂತೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಒಂದು ಗಂಟೆ ನೆರಳಿನಲ್ಲಿರಬೇಕು. ಒಣಗಿದರೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಕುಳಿತ ಜಾಗಕ್ಕೆ ಇರುವೆ ಬರುವುದು ಖಚಿತ. ವಾರಕ್ಕೊಮ್ಮೆ ಮಾಡಿದರೆ ಸಾಕು. ನನ್ನ ಕೂದಲಿನಲ್ಲಿ ಐದನೆಯ ವಾರದ ನಂತರವೇ, ಅದೂ ಕಿಟಕಿಯ ಬೆಳಕಿನಲ್ಲಿ ಮಾತ್ರ, ವ್ಯತ್ಯಾಸ ಕಂಡಿತು.

ಲಿಂಬೆರಸ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಕೂದಲನ್ನು ಒರಟಾಗಿಸುತ್ತದೆ. ಒಂದು ಲಿಂಬೆಯ ರಸಕ್ಕೆ ಅದರ ಎರಡರಷ್ಟು ನೀರು ಬೆರೆಸಿ, ತಲೆಯ ಚರ್ಮಕ್ಕೆ ತಾಗದಂತೆ ಕೂದಲಿನ ಕೆಳಭಾಗಕ್ಕೆ ಮಾತ್ರ ಹಚ್ಚಿ, ಬೆಳಗಿನ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಿಂತು ತೊಳೆದುಕೊಳ್ಳಬೇಕು. ಕಂಚಿಕಾಯಿಯಿಂದಲೂ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅದನ್ನು ಉಪ್ಪಿನಕಾಯಿಗೆ ಬಿಡುವುದು ಮೇಲು. ಲಿಂಬೆ ಜಾತಿಯ ಹಣ್ಣುಗಳ ರಸ ಮತ್ತು ಸಿಪ್ಪೆಯ ಎಣ್ಣೆ ಚರ್ಮದ ಮೇಲಿರುವಾಗ ಬಿಸಿಲು ತಗುಲಿದರೆ ಸುಟ್ಟಂಥ ಗಾಯವಾಗುತ್ತದೆ. ಮೊದಲ ಸಲ ರಸವು ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿದದ್ದನ್ನು ನಾನು ಗಮನಿಸಲಿಲ್ಲ; ಮರುದಿನ ಉರಿ ಶುರುವಾಗಿ, ರಸ ಹರಿದ ದಾರಿಯುದ್ದಕ್ಕೂ ಮೂಡಿದ ಕಂದು ಗೆರೆ ಮಾಸಲು ಎರಡು ತಿಂಗಳು ಬೇಕಾಯಿತು. ಅಂದಿನಿಂದ ಹೆಗಲ ಮೇಲೆ ಪಂಜಿ ಹೊದ್ದು, ಕೈಗಳನ್ನು ಸೋಪಿನಿಂದ ತೊಳೆದು, ಕುತ್ತಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡೇ ಅಂಗಳಕ್ಕೆ ಇಳಿಯುತ್ತೇನೆ.

ದಾಲ್ಚಿನ್ನಿ ಪುಡಿಯನ್ನೂ ಹಲವರು ಶಿಫಾರಸು ಮಾಡುತ್ತಾರೆ, ಆದರೆ ಅದು ತಲೆಯ ಚರ್ಮವನ್ನು ಉರಿಸುವುದರಿಂದ ನಾನು ಬಳಸುವುದಿಲ್ಲ. ಅಡುಗೆ ಸೋಡಾ ಬೇಡವೇ ಬೇಡ. ಅದರ ಕ್ಷಾರವು ಕೂದಲಿನ ಹೊರಪದರವನ್ನು ಎಬ್ಬಿಸುತ್ತದೆ. ಕಪ್ಪು ಮೆಹಂದಿ ಅಥವಾ ಅಂಗಡಿಯ ಬಣ್ಣ ಹಚ್ಚಿಕೊಂಡಿರುವವರು ಮೇಲಿನ ಎರಡು ವಿಧಾನಗಳನ್ನೂ ಬಿಡುವುದು ಕ್ಷೇಮ. ಉಳಿದವರು ಕೂಡ ಮೊದಲು ಕಿವಿಯ ಹಿಂದಿನ ಒಂದು ಸಣ್ಣ ಎಳೆಯ ಮೇಲೆ ಪರೀಕ್ಷಿಸಿ, ಎರಡು ದಿನ ಕಾಯಬೇಕು.

ಪ್ರತಿ ಸಲದ ಹಿಂದಿನ ರಾತ್ರಿ ತೆಂಗಿನೆಣ್ಣೆ ಹಚ್ಚಿದರೆ, ಅದು ಕೂದಲಿನೊಳಗೆ ಇಳಿದು ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ. ತೊಳೆಯಲು ಶಾಂಪೂವಿಗಿಂತ ಗೊಂಪು, ಅಂದರೆ ಮತ್ತಿ ಅಥವಾ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆ, ಹೆಚ್ಚು ಮೃದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲೇ ಇರದ ಕಾರಣ, ಆ ಅವಧಿಯಲ್ಲಿ ಜೇನಿನ ವಿಧಾನವೊಂದೇ ನಡೆಯುತ್ತದೆ.

ಒಮ್ಮೆ ತೆಳುವಾದ ಬಣ್ಣ ಆ ಕೂದಲಿನಲ್ಲಿ ಮತ್ತೆ ಕಪ್ಪಾಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಮೂರು ತಿಂಗಳಿಗೆ ಬೈತಲೆಯ ಎರಡೂ ಬದಿ ಕಪ್ಪು ಪಟ್ಟಿ ಕಾಣಿಸುತ್ತದೆ. ಆಗ ಜೇನುನೀರನ್ನು ಆ ಪಟ್ಟಿಗೆ ಮಾತ್ರ ಹಚ್ಚಬೇಕು, ತುದಿಗಲ್ಲ.