ಸಸಿ ಸರಸರನೆ ಉದ್ದವಾದರೆ ಖುಷಿಪಡಬೇಡಿ

ಚಳಿ ಇಳಿಯತೊಡಗಿದರೆ ಸಾಕು, ಎಲ್ಲರೂ ಗುದ್ದಲಿ ಹಿಡಿದು ಹೊರಗೆ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಚಳಿಗಾಲದ ಕೊನೆಯ ವಾರಗಳಲ್ಲಿ ತರಕಾರಿ ತೋಟದ ಮುಖ್ಯ ಕೆಲಸ ನಡೆಯುವುದು ಮನೆಯೊಳಗೆ, ಸಸಿ ಟ್ರೇಯಲ್ಲಿ. ಹೆಚ್ಚಿನವರು ಎಡವುವುದೂ ಅಲ್ಲೇ.

ಹೊರಗಿನ ಕೆಲಸ ಮೊದಲು ಮುಗಿಸೋಣ. ದಿನಕ್ಕೆ ಕನಿಷ್ಠ 6 ತಾಸು ಬಿಸಿಲು ಬೀಳುವ ಜಾಗ ಆರಿಸಿ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಟ್ಟಿ. ಉದುರಿದರೆ ಅಗೆದು ಗೊಬ್ಬರ ಸೇರಿಸಿ. ಉಂಡೆಯಾಗಿಯೇ ಉಳಿದರೆ ಮುಟ್ಟಬೇಡಿ, ಒದ್ದೆಯಲ್ಲಿ ಅಗೆದ ಮಣ್ಣು ಒಣಗಿದ ಮೇಲೆ ಹೆಂಟೆ ಕಟ್ಟುತ್ತದೆ.

ಟೊಮೆಟೊ, ಬದನೆ, ಮೆಣಸಿನಕಾಯಿಗೆ ಟ್ರೇ ಬೇಕು. ಬಟಾಣಿ, ಪಾಲಕ್, ಮೂಲಂಗಿ ಚಳಿ ತಡೆಯುತ್ತವೆ, ಮಣ್ಣು ಹದಕ್ಕೆ ಬಂದ ಕೂಡಲೇ ನೇರ ಬಿತ್ತಿ. ಬೀನ್ಸ್, ಸೌತೆ, ಕುಂಬಳವನ್ನು ಮಣ್ಣು ಬೆಚ್ಚಗಾದ ಮೇಲೆ ಹಾಕಿದರಾಯಿತು. ಕ್ಯಾರೆಟ್ ಸಸಿ ಮಾಡಿ ಕಿತ್ತು ನೆಡುವವರನ್ನು ನೋಡಿದ್ದೇನೆ. ಆಮೇಲೆ ಸಿಗುವುದು ಕವಲೊಡೆದ ಗಡ್ಡೆ.

ಯಾವಾಗ ಬಿತ್ತಬೇಕು? ಹಿಂದಕ್ಕೆ ಎಣಿಸಿ. ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದು ನಿಲ್ಲುವ ಹೊತ್ತಿಗೆ ಸಸಿ ನೆಡಲು ತಯಾರಿರಬೇಕು. ಟೊಮೆಟೊವನ್ನು ಅದಕ್ಕೆ 6ರಿಂದ 8 ವಾರ ಮೊದಲು ಹಾಕಿ, ಮೆಣಸಿನಕಾಯಿ ಮತ್ತು ಬದನೆಯನ್ನು 8ರಿಂದ 10 ವಾರ ಮೊದಲು. ಬೇಗ ಹಾಕಿದರೆ ಬೇಗ ಕಾಯಿ ಬರುತ್ತದೆ ಅನ್ನುವುದು ಸುಮ್ನೆ ಮಾತು. ಟ್ರೇಯಲ್ಲೇ ಬೇರು ಸುತ್ತಿಕೊಂಡ ಸಸಿ ನೆಟ್ಟ ಮೇಲೂ ಮಂಕಾಗಿಯೇ ಇರುತ್ತದೆ.

ಟ್ರೇಗೆ ತೋಟದ ಮಣ್ಣು ಬೇಡವೇ ಬೇಡ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ. ಅಗ್ಗದ ಕೋಕೋಪೀಟ್‌ನಲ್ಲಿ ಉಪ್ಪು ಉಳಿದಿರುತ್ತದೆ, ಎರಡು ಸಲ ನೆನೆಸಿ ನೀರು ಬಸಿಯಿರಿ. ಕುಂಡದ ಸಮೇತ ಮಣ್ಣಿಗಿಡಬಹುದು ಎಂದು ಮಾರುವ ಕಾಗದದ ಕುಂಡಗಳು ನನಗಂತೂ ಇಷ್ಟವಿಲ್ಲ. ಅವು ಬೇಗ ಒಣಗುತ್ತವೆ, ಬೇರನ್ನೂ ಒಣಗಿಸುತ್ತವೆ. ತಳ ತೂತು ಮಾಡಿದ ಹಳೇ ಮೊಸರಿನ ಕಪ್ ಇದಕ್ಕಿಂತ ಎಷ್ಟೋ ವಾಸಿ.

ಬೀಜದ ದಪ್ಪದ ಎರಡರಷ್ಟು ಆಳದಲ್ಲಿ ಬಿತ್ತಿ, ಟ್ರೇಗೆ ಮುಚ್ಚಳ ಹಾಕಿ, ಬೆಚ್ಚಗಿನ ಜಾಗದಲ್ಲಿಡಿ. ಟೊಮೆಟೊ ವಾರದಲ್ಲಿ ಮೇಲೆ ಬರುತ್ತದೆ. ಮೆಣಸಿನಕಾಯಿಗೆ ಎರಡು-ಮೂರು ವಾರವೂ ಬೇಕಾದೀತು. ಬೀಜ ಕೆಟ್ಟಿದೆ ಎಂದು ಟ್ರೇ ಚೆಲ್ಲಬೇಡಿ.

ಮೊಳಕೆ ಕಂಡ ದಿನವೇ ಮುಚ್ಚಳ ತೆಗೆಯಿರಿ. ಇಲ್ಲಿಂದ ನಾಲ್ಕು ಎಲೆ ಬರುವವರೆಗಿನ ದಿನಗಳಲ್ಲೇ ಅರ್ಧಕ್ಕರ್ಧ ಸಸಿಗಳು ಹೋಗುವುದು. ಎರಡು ತಪ್ಪುಗಳಿಂದ: ಬೆಳಕು ಕಡಿಮೆ, ನೀರು ಜಾಸ್ತಿ.

ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಸಾಕು, ಸಸಿಗೆ ಸಾಲದು. ಬೆಳಕು ಹುಡುಕುತ್ತಾ ಅದು ನೂಲಿನಂತೆ ಉದ್ದವಾಗುತ್ತದೆ. ಅದನ್ನೇ ನೋಡಿ 'ಎಷ್ಟು ಚೆನ್ನಾಗಿ ಬೆಳೀತಿದೆ' ಅನ್ನುವವರಿದ್ದಾರೆ. ಅದು ಬೆಳವಣಿಗೆಯಲ್ಲ, ಪರದಾಟ. ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಯ ತುದಿಯಿಂದ 5-8 ಸೆಂಟಿಮೀಟರ್ ಮೇಲೆ ತೂಗುಹಾಕಿ, ದಿನಕ್ಕೆ 14ರಿಂದ 16 ತಾಸು ಉರಿಸಿ, ರಾತ್ರಿ ಆರಿಸಿ. ಸಸಿ ಏರಿದಂತೆ ದೀಪವನ್ನೂ ಏರಿಸಿ. ನೇರಳೆ ಬಣ್ಣದ ದುಬಾರಿ ದೀಪ ಬೇಕಿಲ್ಲ. ಮೊಳಕೆಗೆ ಬೇಕಿದ್ದಷ್ಟು ಶಾಖವೂ ಈಗ ಬೇಡ, 18-20 ಡಿಗ್ರಿ ಸಾಕು. ಬಿಸಿ ಜಾಸ್ತಿಯಾಗಿ ಬೆಳಕು ಕಮ್ಮಿಯಾದರೆ ಸಸಿ ಇನ್ನೂ ಸೊರಗುತ್ತದೆ.

ನೀರಿನ ವಿಷಯ. ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಬುಡದಲ್ಲಿ ಹಿಸುಕಿದಂತಾಗಿ ಮಲಗಿದ್ದರೆ ಅದು ಶಿಲೀಂಧ್ರದಿಂದ ಬರುವ ಬುಡ ಕೊಳೆ. ಬಿದ್ದ ಸಸಿಗೆ ಮದ್ದಿಲ್ಲ, ಉಳಿದವನ್ನು ಕಾಪಾಡಬೇಕು ಅಷ್ಟೇ. ಮೇಲಿನಿಂದ ನೀರು ಹಾಕುವುದನ್ನು ಬಿಡಿ. ಟ್ರೇಯನ್ನು ನೀರಿನ ತಟ್ಟೆಯಲ್ಲಿ 15-20 ನಿಮಿಷ ಕೂರಿಸಿ, ತೆಗೆದು ಬಸಿಯಲು ಬಿಡಿ. ಮೇಲ್ಮಣ್ಣು ಒಣಗಿದ ಮೇಲೆಯೇ ಮತ್ತೆ ನೀರು. ಫ್ಯಾನ್ ಮೆಲ್ಲಗೆ ತಿರುಗುತ್ತಿರಲಿ. ಚಕ್ಕೆ ಪುಡಿ ಉದುರಿಸಿ ಅನ್ನುವ ಸಲಹೆ ಎಲ್ಲೆಡೆ ಇದೆ. ನೀರು ಕಡಿಮೆ ಮಾಡದೆ ಪುಡಿ ನಂಬಿ ಕೂತರೆ ಪ್ರಯೋಜನವಿಲ್ಲ.

ಬೀಜದೆಲೆಗಳ (ಮೊಳಕೆಯಲ್ಲಿ ಮೊದಲು ಕಾಣುವ ಜೋಡಿ ಎಲೆ) ಮೇಲೆ ಎರಡು ನಿಜವಾದ ಎಲೆ ಮೂಡಿದಾಗ ಸಸಿಗಳನ್ನು ಬೇರೆ ಬೇರೆ ಕಪ್‌ಗೆ ಬದಲಿಸಿ. ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹೋದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಮುಗಿಯಿತು.

ನೆಡುವ ಮುಂಚೆ 7ರಿಂದ 10 ದಿನ ಹೊರಗಿನ ಬಿಸಿಲು-ಗಾಳಿಗೆ ಒಗ್ಗಿಸಿ. ಮೊದಲ ದಿನ ಒಂದೆರಡು ತಾಸು, ಅದೂ ನೆರಳಿನಲ್ಲಿ. ಆಮೇಲೆ ದಿನದಿನಕ್ಕೆ ಹೆಚ್ಚಿಸಿ. ಈ ಹಂತ ಹಾರಿಸಿದರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ.

ಸಂಜೆ ಹೊತ್ತು ನೆಡಿ. ಟೊಮೆಟೊದ ಕೆಳಗಿನ ಎಲೆ ಕಿತ್ತು ಕಾಂಡವನ್ನು ಆಳವಾಗಿ ಹೂಳಿ, ಹೂತಲ್ಲೆಲ್ಲ ಬೇರು ಬಿಡುತ್ತದೆ. ಮೆಣಸಿನಕಾಯಿ, ಬದನೆ ಕಪ್‌ನಲ್ಲಿದ್ದಷ್ಟೇ ಆಳಕ್ಕಿರಲಿ. ರಾತ್ರಿ ದಿಢೀರನೆ ಚಳಿ ಏರಿದರೆ ಸಸಿ ಮೇಲೆ ಬಕೆಟ್ ಬೋರಲು ಹಾಕಿ, ಬೆಳಗ್ಗೆ ಬಿಸಿಲು ಬಂದ ಕೂಡಲೇ ತೆಗೆಯಿರಿ.