ತಲೆಗೆ 15 ಕಾಫಿ ಬೀಜ: ಅಲಾಸ್ಕಾ ಹಡಗಿನಲ್ಲಿ ನನ್ನ ಲೆಕ್ಕ

"ಬೀಜ ಎಣಿಸಿಕೊಂಡು ಅಲಾಸ್ಕಾ ನೋಡ್ತಾಳಂತೆ" ಅಂತ ನನ್ನ ನಾದಿನಿ ಸಕಲೇಶಪುರದಿಂದ ಹಾಸನದವರೆಗೂ ಹೇಳಿಕೊಂಡು ಬಂದಿದ್ದಳು. ಹೋದ ತಿಂಗಳು ಅವಳೇ ಫೋನ್ ಮಾಡಿ, "ಅತ್ತಿಗೆ, ಆ ಬೀಜದ ಲೆಕ್ಕ ಒಂದು ಸ್ವಲ್ಪ ಬಿಡಿಸಿ ಹೇಳಿ" ಅಂದಳು. ಅಲಾಸ್ಕಾ ಹಡಗು ಪ್ರವಾಸದಲ್ಲಿ ಯಾರು ಏನು ನೋಡಬೇಕು ಅನ್ನೋದಕ್ಕೆ ಮನೆಯವರಿಗೆಲ್ಲ ದುಡ್ಡಿನ ಬದಲು ಕಾಫಿ ಬೀಜ ಹಂಚಿದ ಲೆಕ್ಕ ಅದು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಾ ಅಲ್ಲ, ಮುಕ್ಕಾಲು ಪಾಲು.

ಹಡಗು ಬುಕ್ ಮಾಡೋದು, ಕ್ಯಾಬಿನ್ ಆರಿಸೋದು, ಊಟದ ಪ್ಯಾಕೇಜು, ಇದೆಲ್ಲ ಒಮ್ಮೆ ಹೋಗಿ ಬಂದವರಿಗೆ ಗೊತ್ತಿರುತ್ತೆ. ನನ್ನ ಮಾತು ಹಡಗು ಬಂದರಿಗೆ ನಿಂತ ಮೇಲೆ ಯಾರು ಯಾವ ಎಕ್ಸ್‌ಕರ್ಷನ್‌ಗೆ ಹೋಗಬೇಕು ಅನ್ನೋದರ ಬಗ್ಗೆ ಮಾತ್ರ. ಎಕ್ಸ್‌ಕರ್ಷನ್ ಅಂದರೆ ಆ ಊರಿನಲ್ಲಿ ದುಡ್ಡು ಕೊಟ್ಟು ಹೋಗುವ ಸುತ್ತಾಟ. ನೆನಪಿರಲಿ ಅಂತ ಒಂದೇ ಒಂದು: ಸಿಯಾಟಲ್‌ನಿಂದ ಹೊರಡುವ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾ ಮುಟ್ಟಿಯೇ ಬರುತ್ತೆ. ವಿದೇಶಿ ಬಾವುಟದ ಹಡಗು ನಡುವೆ ಬೇರೆ ದೇಶ ಮುಟ್ಟಲೇಬೇಕು ಅಂತ ಅಮೆರಿಕದ 1886ರ ಕಾಯ್ದೆ ಇದೆ. ನಮ್ಮ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ಕೆಳಗೆ ಇಳಿಯಲ್ಲ ಅಂದರೂ ಬೇಕು.

ನಾವು ಮೊದಲ ಸಲ ಹೋಗಿದ್ದು 2023ರ ಜೂನ್‌ನಲ್ಲಿ. ನಾನು, ಯಜಮಾನರು, ಅತ್ತೆ, ಸಿಯಾಟಲ್‌ನಲ್ಲಿರುವ ಮಗಳು, ಅಳಿಯ, ಎರಡು ಮೊಮ್ಮಕ್ಕಳು, ಒಟ್ಟು ಏಳು ಜನ. ಕುಟುಂಬ ಅಂದಮೇಲೆ ಎಲ್ಲರೂ ಎಲ್ಲ ಕಡೆಗೂ ಅಂತ ಏಳೇಳು ಟಿಕೆಟ್ ತೆಗೆದೆವು. ಅಲ್ಲೇ ಕೆಟ್ಟಿದ್ದು.

ಅಲಾಸ್ಕಾದ ಜೂನೋ ಬಂದರಿನಲ್ಲಿ ಹೆಲಿಕಾಪ್ಟರಿನಲ್ಲಿ ಹಿಮನದಿ ಮೇಲೆ ಇಳಿಯೋದು ಅಂತ ಇತ್ತು. ಬೆಳಿಗ್ಗೆ ಮೋಡ ನೆಲಕ್ಕೆ ಇಳಿದಿತ್ತು, ರದ್ದು. ದುಡ್ಡು ವಾಪಸ್ ಬಂತು, ದಿನ ವಾಪಸ್ ಬರಲಿಲ್ಲ. ಏಳು ಜನ ಹಡಗುಕಟ್ಟೆ ಮೇಲೆ ಮುಖ ಮುಖ ನೋಡಿಕೊಂಡು ನಿಂತೆವು. ಕೊನೆಗೆ ತಿಮಿಂಗಿಲದ ದೋಣಿ ಸಿಕ್ಕಿತು. ಆಗ ನಾಲ್ಕು ವರ್ಷದ ಮೊಮ್ಮಗ ದೋಣಿ ಹತ್ತಿದಾಗಿನಿಂದ ಇಳಿಯುವವರೆಗೆ ಅತ್ತ. ಇನ್ನೊಂದು ಬಂದರಿನಲ್ಲಿ ಕರಡಿ ತೋರಿಸ್ತೀವಿ ಅಂತ ನಾಲ್ಕು ಗಂಟೆ ಬಸ್ಸಿನಲ್ಲಿ ಸುತ್ತಿಸಿದರು. ಕರಡಿ ಇಲ್ಲ, ಬಸ್ಸಿನಲ್ಲಿ ಟಾಯ್ಲೆಟ್ಟೂ ಇಲ್ಲ. ಅತ್ತೆಗೆ ಆಗ 76. ಅವತ್ತು ಅವರು ಪಟ್ಟ ಪಾಡು ಇಲ್ಲಿ ಬೇಡ.

ಎಲ್ಲಕ್ಕಿಂತ ನಗು ಬರೋದು ಅಲಾಸ್ಕಾದ ಬಂದರು ಕೆಚಿಕನ್‌ನ ಮಳೆಕಾಡಿನ ನಡಿಗೆ. ತಲೆಗೆ ನೂರು ಡಾಲರ್ ಮೇಲೆ ಕೊಟ್ಟಿದ್ದೆವು. ಗೈಡ್ ಹುಡುಗಿ ಪಾಪ, ತುಂಬ ಚೆನ್ನಾಗಿಯೇ ವಿವರಿಸುತ್ತಿದ್ದಳು. ಇದು ಪಾಚಿ, ಇದು ಜರೀಗಿಡ, ಕೊಳೆತ ಮರದ ಮೇಲೆ ಹೊಸ ಸಸಿ ಹೇಗೆ ಹುಟ್ಟುತ್ತೆ ನೋಡಿ ಅಂತ. ಅತ್ತೆ ಅರ್ಧ ಗಂಟೆ ಸುಮ್ನಿದ್ದರು. ಆಮೇಲೆ ನನ್ನ ಕಿವಿಯಲ್ಲಿ, "ದುಡ್ಡು ಕೊಟ್ಟು ಹಾವಸೆ ನೋಡಕ್ಕೆ ಬಂದ್ವೇನಮ್ಮ? ನಮ್ಮನೆ ಹಿಂದೆ ಇಂಬಳ ಸಮೇತ ಇದೆಯಲ್ಲ" ಅಂದರು. ಕೆಚಿಕನ್‌ನಲ್ಲಿ ವರ್ಷಕ್ಕೆ 140-150 ಇಂಚು ಮಳೆಯಂತೆ. ನಮ್ಮ ತೋಟದ ಮಳೆಮಾಪಕದಲ್ಲಿ 110 ಇಂಚು ಆದ ವರ್ಷವೇ ಕೊಳೆರೋಗಕ್ಕೆ ಹೆದರಿ ಕೂರುವವರು ನಾವು. ನಮಗೆ ಮಳೆಕಾಡು ತೋರಿಸೋದಾ?

ಕೊನೆಗೆ ವಿಕ್ಟೋರಿಯಾದಲ್ಲಿ ಯಜಮಾನರ ಎಚ್‌ಎಂಟಿ ವಾಚು. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಅಲಾಸ್ಕಾಕ್ಕೆ ಬಂದಾಗ ತಿರುಗಿಸಿಕೊಂಡಿದ್ದ ವಾಚನ್ನು ವಾಪಸ್ ಬರುವಾಗ ತಿರುಗಿಸಲೇ ಇಲ್ಲ. "ಇನ್ನೂ ಒಂದು ಗಂಟೆ ಇದೆ ಬಾ" ಅಂತ ನಿಧಾನಕ್ಕೆ ಐಸ್‌ಕ್ರೀಮ್ ತಿನ್ನುತ್ತಿದ್ದವರು ಹಡಗಿಗೆ ಓಡಿದ್ದನ್ನ ಮೊಮ್ಮಗಳು ಈಗಲೂ ನಟಿಸಿ ತೋರಿಸುತ್ತಾಳೆ.

ಆ ವರ್ಷ ಎಕ್ಸ್‌ಕರ್ಷನ್‌ಗಳಿಗೇ ಮೂರು ಲಕ್ಷದ ಹತ್ತಿರ ಹೋಯಿತು. ಹಡಗಿನ ಟಿಕೆಟ್ ಬೇರೆ.

ಬೀಜದ ಯೋಚನೆ ಹೊಳೆದಿದ್ದು ಮಾರನೇ ವರ್ಷದ ಕಾಫಿ ಕುಯ್ಲಿನಲ್ಲಿ. ದಿನಗೂಲಿ ಕೊಟ್ಟರೆ ಹಣ್ಣು ಕುಯ್ಯುವ ಕೈ ಒಂದು ಥರ ಓಡುತ್ತೆ, ಕೆಜಿ ಲೆಕ್ಕ ಅಂದರೆ ಇನ್ನೊಂದು ಥರ ಓಡುತ್ತೆ. ಇದು ತೋಟ ಇರುವವರಿಗೆಲ್ಲ ಗೊತ್ತು. ಕಣದ ಹತ್ತಿರ ಕೂತು ಹಣ್ಣು ತೂಗಿಸುತ್ತಿದ್ದಾಗ ಅನಿಸಿತು: ಅಲಾಸ್ಕಾದಲ್ಲಿ ನಾವೆಲ್ಲ ದಿನಗೂಲಿ ಆಳುಗಳ ಹಾಗೆ ಇದ್ದೆವು. ಯಾರನ್ನು ಕೇಳಿದರೂ "ಹೂಂ, ಹೋಗೋಣ". ದುಡ್ಡು ತಮ್ಮದಲ್ಲವಲ್ಲ!

ಅದಕ್ಕೆ 2025ರಲ್ಲಿ ತಲೆಗೆ 15 ಬೀಜ ಅಂತ ಮಾಡಿದೆ. ಒಂದು ಬೀಜಕ್ಕೆ 20 ಡಾಲರ್. ಆರು ವರ್ಷದವನಿಗೂ ಅಷ್ಟೇ, 78 ವರ್ಷದ ಅತ್ತೆಗೂ ಅಷ್ಟೇ. ಯಾರು ಎಲ್ಲಿ ಬೇಕಾದರೂ ಖರ್ಚು ಮಾಡಬಹುದು. ಉಳಿದ ಬೀಜಕ್ಕೆ ಕೊನೇ ದಿನ ನಗದು. ಸಾಲ ಕೊಡಬಹುದು, ತಗೋಬಹುದು. ಒಟ್ಟಿಗೆ ಹೋಗಲೇಬೇಕು ಅಂತಿಲ್ಲ, ರಾತ್ರಿ ಊಟಕ್ಕೆ ಮಾತ್ರ ಎಲ್ಲರೂ ಒಂದೇ ಮೇಜು.

ಯಜಮಾನರೇ ಮೊದಲು ಒಪ್ಪಲಿಲ್ಲ. "ಮನೆಯವರೆಲ್ಲ ಅಂತ ಹೋಗಿ ಒಬ್ಬೊಬ್ಬರು ಒಂದೊಂದು ದಿಕ್ಕಿಗಾ?" ಅಂದರು. ನಾದಿನಿಯ ಪ್ರಚಾರ ಶುರುವಾಗಿದ್ದೂ ಆಗಲೇ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ ಕೂತೆವು. ಇಲ್ಲಿ ನಮ್ಮ ಊಟದ ಮೇಜಿನ ಮೇಲೆ ನಮ್ಮದೇ ಅರೇಬಿಕಾ ಬೀಜ, ಅಲ್ಲಿ ಮಗಳ ಮನೆಯಲ್ಲಿ ಅಂಗಡಿಯ ಹುರಿದ ಬೀಜ. ಸಿಯಾಟಲ್‌ನಲ್ಲಿ ಕಾಫಿ ಬೀಜಕ್ಕೇನು ಬರ! ಒಂದೊಂದು ಎಕ್ಸ್‌ಕರ್ಷನ್‌ಗೆ ಒಂದೊಂದು ಲೋಟ, ಮೇಲೆ ಹೆಸರು ಬರೆದ ಚೀಟಿ, ಬೆಲೆ ಎಷ್ಟು ಬೀಜ ಅಂತ. ತಿಮಿಂಗಿಲ 9, ಮಕ್ಕಳಿಗೆ 6. ಬೆಟ್ಟದ ರೈಲು 8, ಮಕ್ಕಳಿಗೆ 4. ಮೆಂಡೆನ್‌ಹಾಲ್ ಹಿಮನದಿಗೆ ಹೋಗಿಬರುವ ಬಸ್ಸು 3, ಮಕ್ಕಳಿಗೆ 2. ಹೆಲಿಕಾಪ್ಟರ್ 20.

ಚಪ್ಪಾಳೆ ತಟ್ಟುವ ಹಾಗೆ ಕೆಲಸ ಮಾಡಿತು ನೋಡಿ! ಕೈಯಲ್ಲಿ ಬೀಜ ಹಿಡಿದ ಕೂಡಲೇ ಎಲ್ಲರಿಗೂ ಬಾಯಿ ಬಂತು. ಎರಡು ವರ್ಷದ ಹಿಂದೆ "ನಿಮ್ಮಿಷ್ಟ" ಅಂದಿದ್ದ ಅತ್ತೆ, "ತಿಮಿಂಗಿಲ ಒಂದ್ಸಲ ಆಯ್ತಲ್ಲ, ಮತ್ತೆ ಅದೇ ಬಾಲಕ್ಕೆ ಒಂಬತ್ತಾ?" ಅಂತ ಲೋಟ ಆಚೆ ತಳ್ಳಿದರು. ಮೊಮ್ಮಗಳು ಕಣ್ಣು ಮುಚ್ಚಿ ಆರು ಬೀಜ ತಿಮಿಂಗಿಲಕ್ಕೆ ಹಾಕಿದಳು. ಕಾಡಿನ ನಡಿಗೆಯ ಲೋಟಕ್ಕೆ ಒಂದೇ ಒಂದು ಬೀಜ ಬೀಳಲಿಲ್ಲ. ಅಳಿಯಂದಿರಿಗೆ ಹೆಲಿಕಾಪ್ಟರ್ ಹುಚ್ಚು ಬಿಟ್ಟಿರಲಿಲ್ಲ. 15 ಇದೆ, 20 ಬೇಕು. ಯಾರೂ ಕೊಡಲಿಲ್ಲ. ಕೊನೆಗೆ ಅತ್ತೆಯೇ ಐದು ಸಾಲ ಕೊಟ್ಟರು. ಬಡ್ಡಿ ಅಂತ, ಹಡಗಿನಲ್ಲಿ ಇರುವಷ್ಟು ದಿನ ಬೆಳಿಗ್ಗೆ ಅವರ ಕ್ಯಾಬಿನ್ನಿಗೆ ಕಾಫಿ ತಂದುಕೊಡಬೇಕು.

ಆಗಸ್ಟ್ ಮೊದಲ ವಾರ, ತೋಟದ ಉಸ್ತುವಾರಿ ನೋಡುವ ರೈಟರ್‌ಗೆ ಎಲ್ಲ ಒಪ್ಪಿಸಿ ಹೊರಟೆವು.

ಜೂನೋದಲ್ಲಿ ಮತ್ತೆ ಅದೇ ಮೋಡ. ಹೆಲಿಕಾಪ್ಟರ್ ಮತ್ತೆ ರದ್ದು! ಆದರೆ ಈ ಸಲ ಕೆಟ್ಟಿದ್ದು ಒಬ್ಬರ ದಿನ, ಏಳು ಜನರದ್ದಲ್ಲ. ಅಳಿಯ ಅಲ್ಲೇ ಮೂರು ಬೀಜ ತೆತ್ತು ಅತ್ತೆ, ಯಜಮಾನರು, ಮೊಮ್ಮಗನ ಜೊತೆ ಮೆಂಡೆನ್‌ಹಾಲ್ ಬಸ್ ಹತ್ತಿದರು. ಹಡಗುಕಟ್ಟೆಯಿಂದ 20 ಕಿಲೋಮೀಟರ್ ಚಿಲ್ಲರೆ. ಅಲ್ಲಿಂದ ನಗೆಟ್ ಜಲಪಾತಕ್ಕೆ ಸಮತಟ್ಟಾದ ದಾರಿ, ಒಂದೂವರೆ ಕಿಲೋಮೀಟರ್ ಇರಬಹುದು. ಅತ್ತೆ ಅರ್ಧ ದಾರಿಯಲ್ಲಿ ಕೂತರಂತೆ. ಅಲ್ಲಿಂದಲೇ ಎಲ್ಲ ಕಾಣುತ್ತೆ, ಅದು ದೊಡ್ಡ ಅನುಕೂಲ. ಸಾಲದ ಐದು ಬೀಜ ಅತ್ತೆಗೆ ವಾಪಸ್ ಹೋಯಿತು. ಬಡ್ಡಿ ಮಾತ್ರ ಕೊನೇ ದಿನದವರೆಗೂ ವಸೂಲಾಯಿತು. "ಸಾಲ ತಗೊಂಡಿದ್ದು ನಿಜ ತಾನೇ ಅಪ್ಪ?" ಅಂತ ಕೇಳಿದರಂತೆ.

ನಾನು, ಮಗಳು, ಮೊಮ್ಮಗಳು ತಿಮಿಂಗಿಲಕ್ಕೆ. ಚಳಿಗಾಲದಲ್ಲಿ ಅವು ಹವಾಯಿಗೆ ಹೋಗಿ, ಬೇಸಿಗೆಗೆ ಹೊಟ್ಟೆ ತುಂಬಿಸಿಕೊಳ್ಳಲು ಈ ತಣ್ಣೀರಿಗೆ ಬರುತ್ತವೆ. ದೋಣಿ ನೂರು ಗಜ ದೂರ ನಿಲ್ಲಬೇಕು ಅನ್ನೋದು ನಿಯಮ. ಆದರೂ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಉಸಿರು ಬಿಟ್ಟಾಗ ಪಿಚಕಾರಿ ಹಾಗೆ ಹಾರಿದ ನೀರು ಮೆಲ್ಲಗೆ ಮಂಜಾಗಿ ನಮ್ಮ ಕಡೆ ಬಂತು. ಹಳಸಿದ ಮೀನುಸಾರಿನ ಪಾತ್ರೆ ಮುಚ್ಚಳ ತೆಗೆದ ಹಾಗೆ ವಾಸನೆ! ಮೊಮ್ಮಗಳು ಮೂಗು ಹಿಡಿದುಕೊಂಡೇ ಕುಣಿದಳು. ದೋಣಿಗೆ ಮುಚ್ಚಿದ ಕ್ಯಾಬಿನ್ನು, ಟಾಯ್ಲೆಟ್ಟು ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. ಇದೇ ಥರದ ದೋಣಿಗೆ ಹಡಗಿನೊಳಗೆ ಒಂದು ರೇಟು, ಕಟ್ಟೆ ಮೇಲಿನ ಬೂತುಗಳಲ್ಲಿ 20-30 ಡಾಲರ್ ಕಡಿಮೆ. ಯಾವ ಬೂತು, ಎಷ್ಟು ಹೊತ್ತಿಗೆ ಹೋಗಿ ಏನಂತ ಕೇಳಬೇಕು ಅನ್ನೋದನ್ನ ಮಾತ್ರ ಬರೆಯಲ್ಲ. ಬರೆದರೆ ಮುಂದಿನ ಸಲ ನನಗೇ ಸೀಟು ಸಿಗಲ್ಲ.

ಹೊರಗಡೆ ಬುಕ್ ಮಾಡಿದರೆ ತಡವಾದಾಗ ಹಡಗು ಕಾಯಲ್ಲ ಅನ್ನೋ ಭಯ ಎಲ್ಲರಿಗೂ ಇದೆ, ಸುಳ್ಳೇನಲ್ಲ. ನನ್ನ ನಿಯಮ ಇಷ್ಟೇ. ವಾಪಸ್ ಬರಲು ಮೇಲಿಂದ ಮೇಲೆ ಬಸ್ಸು, ಟ್ಯಾಕ್ಸಿ ಇರುವ ಜಾಗಕ್ಕೆ ಹೊರಗಿನವರು ಸಾಕು. ವಾಪಸ್ ಬರಲು ಒಂದೇ ದಾರಿ, ಒಂದೇ ಗಾಡಿ ಅಂದರೆ ಹಡಗಿನವರದ್ದೇ ತಗೋಬೇಕು, ನಾಲ್ಕು ಕಾಸು ಜಾಸ್ತಿಯಾದರೂ ಸರಿ.

ಸ್ಕ್ಯಾಗ್‌ವೇ ಬಂದರಿನ ಬೆಟ್ಟದ ರೈಲು ವೈಟ್‌ಪಾಸನ್ನು ಅದಕ್ಕೇ ಹಡಗಿನವರ ಹತ್ತಿರವೇ ತೆಗೆದಿದ್ದು. ಅತ್ತೆ, ಯಜಮಾನರು, ಮೊಮ್ಮಗ ಮೂವರೇ. "ನಮ್ಮ ಘಾಟಿ ರೈಲು ಇರುವಾಗ ಇದ್ಯಾಕೆ" ಅಂತ ನಾನಂದರೆ ಅತ್ತೆ, "ನಮ್ಮದಕ್ಕಿಂತ ಏನು ಹೆಚ್ಚು ಅಂತ ನೋಡೇಬಿಡ್ತೀನಿ" ಅಂದರು. ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಲ್ಲಿ ಶುರುಮಾಡಿ 1900ರಲ್ಲಿ ಮುಗಿಸಿದ ಲೈನು. ಮೂರಡಿ ಅಗಲದ ಹಳಿ. ಕಡಿದಾದ ಕಡೆ ನೂರಡಿಗೆ ಸುಮಾರು ನಾಲ್ಕಡಿ ಏರುತ್ತೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿ ನೂರಕ್ಕೆ ಎರಡು. ಸಮುದ್ರದ ದಡದಿಂದ 2,865 ಅಡಿ ಹತ್ತಿಸಿ, ತುದಿ ಮುಟ್ಟಿಸಿ ವಾಪಸ್ ಕರೆತರುತ್ತಾರೆ. ಯಜಮಾನರು ಈ ಅಂಕಿ ಕೇಳಿ ಲೆಕ್ಕ ಹಾಕಿದರು. ಅಷ್ಟೆಲ್ಲ ಏದುಸಿರು ಬಿಟ್ಟು ಹತ್ತಿದ ತುದಿ ನಮ್ಮ ಸಕಲೇಶಪುರಕ್ಕಿಂತ ಕೆಳಗಿದೆ! ಆದರೆ ಅಲ್ಲಿ ಬರೀ ಬಂಡೆ, ಕುರುಚಲು ಗಿಡ, ಅಲ್ಲಲ್ಲಿ ಹಿಮ. ಅತ್ತೆಯ ತೀರ್ಪು: "ಸುರಂಗ ನಮ್ಮದರಲ್ಲೇ ಜಾಸ್ತಿ. ಸೀಟು, ಹೀಟರು ಅವರದ್ದು ಚೆನ್ನ." ನಮ್ಮಲ್ಲಿ 57 ಸುರಂಗ, ಸುಮ್ನೆ ಹೇಳಿದ್ದಲ್ಲ ಅವರು. ಮೊಮ್ಮಗ ಬೋಗಿಯ ಹೊರಗಿನ ಕಟ್ಟೆ ಮೇಲೆ ಅಜ್ಜನ ಕೈ ಹಿಡಿದು ನಿಂತವನು ಒಳಗೆ ಬರಲೇ ಇಲ್ಲವಂತೆ.

ರೈಲಿಗೆ ಬೀಜ ಸಾಕಾಗದ ನಾವು ಹೆಂಗಸರು ಊರೊಳಗೆ ನಡೆದೆವು. ಅಲ್ಲಿನ ರಾಷ್ಟ್ರೀಯ ಉದ್ಯಾನದ ಕೇಂದ್ರಕ್ಕೆ ಟಿಕೆಟ್ ಇಲ್ಲ. ಚಿನ್ನ ಹುಡುಕಲು ಹೊರಟವರು ಒಬ್ಬೊಬ್ಬರೂ ಸುಮಾರು ಒಂದು ಟನ್ ಸಾಮಾನು ಹೊತ್ತು ಗುಡ್ಡ ದಾಟಬೇಕಿತ್ತಂತೆ, ಇಲ್ಲದಿದ್ದರೆ ಕೆನಡಾ ಪೊಲೀಸರು ಒಳಗೆ ಬಿಡುತ್ತಿರಲಿಲ್ಲ. ಒಂದು ಟನ್ ಅಂದರೆ 50 ಕೆಜಿಯ ಕಾಫಿ ಚೀಲ ಇಪ್ಪತ್ತು. ಆಳು ಇಲ್ಲದೆ.

ಕೆಚಿಕನ್‌ನಲ್ಲಿ ಖರ್ಚಾಗಿದ್ದು ಸೊನ್ನೆ ಬೀಜ. ಇದು ನನಗೆ ಹೆಮ್ಮೆ. ಕ್ರೀಕ್ ಸ್ಟ್ರೀಟ್ ಅಂತ ಹೊಳೆ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಬೀದಿ, ಹಡಗಿನಿಂದ ನಡೆದುಕೊಂಡೇ ಹೋಗಬಹುದು. ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ನೀರೇ ಕಾಣಲ್ಲ, ಬರೀ ಸಾಲ್ಮನ್ ಬೆನ್ನು. ಬಂಡೆಗೆ ಹಾರುತ್ತವೆ, ಬೀಳುತ್ತವೆ, ಮತ್ತೆ ಹಾರುತ್ತವೆ. ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ. ಅತ್ತೆ ಕಂಬಿ ಹಿಡಿದುಕೊಂಡು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. "ಹತ್ತುಮೀನು ಕಣಮ್ಮ ಇದು" ಅಂದರು. ಮೊದಲ ಮಳೆಗೆ ನಮ್ಮ ಗದ್ದೆಯ ಹಳ್ಳದಲ್ಲಿ ಮೇಲಕ್ಕೆ ಹತ್ತುವ ಮೀನು, ಟಾರ್ಚು ಕತ್ತಿ ಹಿಡಿದು ರಾತ್ರಿ ಓಡುತ್ತಿದ್ದ ಮಾವನವರು, ಎಲ್ಲ ಕಥೆ ಮೊಮ್ಮಕ್ಕಳಿಗೆ ಅಲ್ಲೇ ಆಯಿತು. ಇಡೀ ಪ್ರವಾಸದಲ್ಲಿ ಅತ್ತೆ ಅಷ್ಟು ಮಾತಾಡಿದ್ದು ಅದೊಂದೇ ಕಡೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಅಳಿಯ 200 ಡಾಲರ್ ಮಳೆ ಜಾಕೆಟ್ ಹಾಕಿದ್ದರು. ನಾನು ತೋಟದಲ್ಲಿ ಹೆಣ್ಣಾಳುಗಳು ಹಾಕುವ ಪ್ಲಾಸ್ಟಿಕ್ ಕೊಪ್ಪೆ ಮಡಚಿ ತಂದಿದ್ದೆ. ಕೆಚಿಕನ್ ಮಳೆಯಲ್ಲಿ ಎರಡು ಗಂಟೆ ನಿಂತೆವು. ಅವರ ಭುಜ ಒದ್ದೆ, ನನ್ನದು ಒಣ. ಚೆಂದದ ಮಾತು ಬೇರೆ ಬಿಡಿ, ಮಗಳು ನನ್ನಿಂದ ಹತ್ತಡಿ ದೂರ ನಡೆಯುತ್ತಿದ್ದಳು.

ಹಡಗು ಆರಿಸುವಾಗ ಗ್ಲೇಸಿಯರ್ ಬೇ ಅನ್ನೋ ಹಿಮನದಿಗಳ ಕೊಲ್ಲಿಗೆ ಹೋಗುವುದನ್ನೇ ಆರಿಸಿ. ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗು ಬಿಡುತ್ತಾರೆ. ಇಳಿಯೋದಿಲ್ಲ, ಟಿಕೆಟ್ ಇಲ್ಲ, ರೇಂಜರ್‌ಗಳೇ ಹಡಗು ಹತ್ತಿ ಬಂದು ವಿವರಿಸುತ್ತಾರೆ. ಮಾರ್ಜರಿ ಹಿಮನದಿ ಎದುರು ಕಾದರೆ ಒಂದು ಚೂರು ಕಳಚುತ್ತೆ. ಬೀಳೋದು ಮೊದಲು ಕಾಣುತ್ತೆ, ಶಬ್ದ ಆಮೇಲೆ ಬರುತ್ತೆ, ಮಿಂಚು ಸಿಡಿಲಿನ ಹಾಗೆ. ನಾನು ಇಡೀ ಪ್ರವಾಸದಲ್ಲಿ ಕಂಡ ಅತಿ ದೊಡ್ಡ ನೋಟಕ್ಕೆ ಒಂದು ಬೀಜವೂ ಖರ್ಚಾಗಲಿಲ್ಲ.

ಕೊನೇ ರಾತ್ರಿ ಲೆಕ್ಕ. 105ರಲ್ಲಿ ಖರ್ಚಾಗಿದ್ದು 55 ಬೀಜ, 1,100 ಡಾಲರ್. ನಾವು ನಾಲ್ಕು ಜನ ನಮ್ಮ ಉಳಿಕೆ ಬಿಟ್ಟುಕೊಟ್ಟೆವು. ಅತ್ತೆ ಬಿಡಲಿಲ್ಲ. ನಾಲ್ಕು ಬೀಜ ಮೇಜಿನ ಮೇಲೆ ಇಟ್ಟು ಕೈ ಚಾಚಿದರು, 80 ಡಾಲರ್ ಎಣಿಸಿಕೊಂಡರು. ಮಕ್ಕಳಿಬ್ಬರೂ ಒಂಬತ್ತೊಂಬತ್ತು ಬೀಜ ಉಳಿಸಿದ್ದರು, ಇಬ್ಬರಿಗೂ ಸೇರಿ 360 ಹೋಯಿತು. ಒಟ್ಟು ಒಂದೂಕಾಲು ಲಕ್ಷದ ಮೇಲೆ ಸ್ವಲ್ಪ. ಹಿಂದಿನ ಸಲದ ಅರ್ಧಕ್ಕಿಂತ ಕಡಿಮೆ.

ಮಕ್ಕಳ ವಿಷಯದಲ್ಲಿ ನಾನು ತಪ್ಪಿದ್ದು ಇಲ್ಲೇ. ಅವರಿಗೆ ಟಿಕೆಟ್ ಅಗ್ಗ, ಆದರೆ ಬೀಜ ಪೂರ್ತಿ ಕೊಟ್ಟಿದ್ದೆ. ನಾದಿನಿಗೆ ಹೇಳಿದ್ದೇನೆ: 12ರ ಒಳಗಿನವರಿಗೆ ಎಂಟೇ ಬೀಜ ಕೊಡು, ಬೀಜಕ್ಕೆ 25 ಡಾಲರ್ ಇಟ್ಟುಕೋ, ರೇಟು ಏರಿದೆ. ಅವಳು ಕಾಫಿ ಬದಲು ಗೋಟಡಿಕೆ ಇಡ್ತಾಳಂತೆ. ಇಡಲಿ, ಅವಳ ಗಂಡ ಅದನ್ನ ತಿಂದುಬಿಡದಿದ್ದರೆ ಸರಿ.