ತೂಕ ಇಳಿಸುವ ಸರ್ಜರಿಯ ನಂತರ ದಿನಸಿ ಚೀಟಿ ಬರೆಯುವುದು ಹೇಗೆ?

ಸ್ಲೀವ್ ಸರ್ಜರಿಯಾದ ಮೇಲೆ (ಜಠರದ ಬಹುಭಾಗ ಕತ್ತರಿಸಿ ತೆಗೆಯುವುದು) ಉಳಿಯುವ ಜಠರ ಹಿಡಿಯುವುದು ಸುಮಾರು 100ರಿಂದ 150 ಮಿ.ಲೀ. ಮಾತ್ರ. ಗ್ಯಾಸ್ಟ್ರಿಕ್ ಬೈಪಾಸ್ (ಜಠರದ ಮೇಲ್ತುದಿಯ ಪುಟ್ಟ ಚೀಲವನ್ನಷ್ಟೇ ಉಳಿಸಿ ನೇರ ಸಣ್ಣ ಕರುಳಿಗೆ ಜೋಡಿಸುವುದು) ಆದವರಿಗೆ ಇನ್ನೂ ಕಡಿಮೆ, 30 ಮಿ.ಲೀ. ಆಸುಪಾಸು. ಇಷ್ಟರಲ್ಲೇ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುವುದೂ ಹೆಚ್ಚುತ್ತದೆ. ಅನ್ನ-ಸಾರಿನ ಊಟದಿಂದ ಈ ಲೆಕ್ಕ ತುಂಬುವುದಿಲ್ಲ.

ಮೊದಲ ಆರೆಂಟು ವಾರ (ದ್ರವ, ರುಬ್ಬಿದ್ದು, ಮೆತ್ತನೆಯದು) ಆಸ್ಪತ್ರೆಯ ಡಯಟೀಶಿಯನ್ ಹೇಳಿದ್ದೇ ಅಂತಿಮ. ಇಲ್ಲಿರುವುದು ಮೂರನೇ ತಿಂಗಳ ನಂತರದ ಸಸ್ಯಾಹಾರಿ ಲೆಕ್ಕ.

ಹಂತ 1: ಮೊದಲು ದಿನದ ಲೆಕ್ಕ

ಬೆಳಿಗ್ಗೆ 30 ಗ್ರಾಂ ಹೆಸರುಬೇಳೆಯ ಒಂದು ದೋಸೆ, ಒಳಗೆ 50 ಗ್ರಾಂ ಪನೀರ್ ತುರಿ: 16 ಗ್ರಾಂ ಪ್ರೋಟೀನ್. ಹನ್ನೊಂದಕ್ಕೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 100 ಗ್ರಾಂ: 8. ಮಧ್ಯಾಹ್ನ 30 ಗ್ರಾಂ ಸೋಯಾ ಚಂಕ್ಸ್‌ನ ಪಲ್ಯ, ಒಂದು ಸೌಟು ಗಟ್ಟಿಬೇಳೆ: 19. ಸಂಜೆ ಸಕ್ಕರೆ ಹಾಕದ ಹಾಲು 200 ಮಿ.ಲೀ.: 6. ರಾತ್ರಿ 75 ಗ್ರಾಂ ಪನೀರ್, ಬೇಯಿಸಿದ ತರಕಾರಿ: 13. ಒಟ್ಟು 62. ಬೈಪಾಸ್ ಆದವರು ಇದನ್ನೇ ಆರೇಳು ಹೊತ್ತಿಗೆ ಹಂಚಿಕೊಳ್ಳಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಸೋಯಾ ಹಾಲು, ತೋಫು ತರಲಿ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಯಲ್ಲೇ 12 ಗ್ರಾಂ ಸಿಗುತ್ತದೆ.

ಹಂತ 2: ವಾರದ ಚೀಟಿ

ಮೇಲಿನದನ್ನು ಏಳರಿಂದ ಗುಣಿಸಿ. ಪನೀರ್ 900 ಗ್ರಾಂ, ಸೋಯಾ ಚಂಕ್ಸ್ 200 ಗ್ರಾಂನ ಒಂದು ಪ್ಯಾಕೆಟ್, ಹೆಸರುಬೇಳೆ ದೋಸೆಗೂ ಗಟ್ಟಿಬೇಳೆಗೂ ಸೇರಿ 350 ಗ್ರಾಂ, ಹಾಲು ಒಂದೂವರೆ ಲೀಟರ್, ಮೊಸರು ಒಂದೂವರೆ ಕೆ.ಜಿ. (ನೀರಿಳಿದರೆ ಸುಮಾರು ಅರ್ಧವಾಗುತ್ತದೆ). ಪನೀರನ್ನು ಒಂದೇ ಸಲ ತರಬೇಡಿ. ಪ್ಯಾಕೆಟ್ ಒಡೆದ ಮೇಲೆ ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟರೂ ಎರಡು ಮೂರು ದಿನವಷ್ಟೇ ತಾಳುತ್ತದೆ. ತರಕಾರಿಯಲ್ಲಿ ಸೋರೆ, ಹೀರೆ, ಸೀಮೆಬದನೆ, ಕುಂಬಳ ಸುಲಭ. ನುಗ್ಗೆಕಾಯಿಯ ನಾರು, ಬಾಳೆದಿಂಡು ಸದ್ಯಕ್ಕೆ ಬೇಡ. ಒಂದು ಡಿಜಿಟಲ್ ತಕ್ಕಡಿ ಕೊಂಡರೆ ಹಣ ದಂಡವಲ್ಲ. ಕಣ್ಣಳತೆಯ 30 ಗ್ರಾಂ ಸಾಮಾನ್ಯವಾಗಿ 50 ಆಗಿರುತ್ತದೆ.

ಹಂತ 3: ಅಂಗಡಿಯಲ್ಲಿ

ಪ್ಯಾಕೆಟ್‌ನ ಮುಂಭಾಗದ ಬಣ್ಣ ನೋಡಬೇಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿ ಇರುವುದು ತೂಕದ ಇಳಿಕೆ ಕ್ರಮದಲ್ಲಿ. ಮೊದಲ ಮೂರರಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್ (ಸಕ್ಕರೆಯಂತೆ ಬೇಗ ಜೀರ್ಣವಾಗುವ ಪಿಷ್ಟದ ಪುಡಿ) ಕಂಡರೆ ವಾಪಸ್ ಇಡಿ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು ಬಹುಪಾಲು ಇಲ್ಲೇ ಸಿಕ್ಕಿಬೀಳುತ್ತವೆ. ಬೆಲ್ಲವೂ ಸಕ್ಕರೆಯೇ. ಅದರಲ್ಲೂ ಬೈಪಾಸ್ ಆದವರು ಒಂದು ಹೋಳಿಗೆ ತಿಂದರೂ ಸಿಹಿ ನೇರ ಸಣ್ಣ ಕರುಳಿಗೆ ಇಳಿದು, ಹತ್ತರಿಂದ ಮೂವತ್ತು ನಿಮಿಷದೊಳಗೆ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ವೈದ್ಯರು ಡಂಪಿಂಗ್ ಎನ್ನುವುದು ಇದಕ್ಕೇ.

ಚಕ್ಕುಲಿ, ಚಿಪ್ಸ್ ಹೀಗೆ ಕಾಟ ಕೊಡುವುದಿಲ್ಲ, ಅಪಾಯ ಇರುವುದೂ ಅಲ್ಲೇ. ಬಾಯಲ್ಲೇ ಪುಡಿಯಾಗಿ ಸರಾಗ ಜಾರುತ್ತವೆ, ಹೊಟ್ಟೆ ತುಂಬಿತು ಅನ್ನಿಸುವುದೇ ಇಲ್ಲ. ಇಳಿದ ತೂಕ ವಾಪಸ್ ಬರುವುದು ಹೆಚ್ಚಾಗಿ ಈ ದಾರಿಯಲ್ಲಿ.

ಹಂತ 4: ಅಡುಗೆಮನೆಯಲ್ಲಿ, ತಟ್ಟೆಯ ಮುಂದೆ

ಮನೆಯವರ ಸಾರಿಗೆ ನೀರು ಬೆರೆಸುವ ಮೊದಲೇ ಬೆಂದ ಬೇಳೆ ಒಂದು ಸೌಟು ಎತ್ತಿಡಿ. ತಿಳಿಸಾರಿನಲ್ಲಿ ರುಚಿಯಿದೆ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಸೋಯಾ ಚಂಕ್ಸನ್ನು ಬಿಸಿನೀರಲ್ಲಿ ನೆನೆಸಿ, ಹಿಂಡಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಇಡಿಯಾಗಿ ಹಾಕಿದರೆ ರಬ್ಬರಿನಂತೆ ಉಳಿದು ಸಿಕ್ಕಿಕೊಳ್ಳುತ್ತದೆ. ಬ್ರೆಡ್, ಚಪಾತಿ, ಮುದ್ದೆಯಾದ ಅನ್ನದ್ದೂ ಇದೇ ಗೋಳು: ಅಂಟಿ ಉಂಡೆಗಟ್ಟಿ ಎದೆ ಬಿಗಿದಂತಾಗುತ್ತದೆ, ಬಾಯಲ್ಲಿ ಜೊಲ್ಲು ತುಂಬುತ್ತದೆ. ಆದ್ದರಿಂದ ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಜಾಗ ಉಳಿದರೆ ಎರಡು ಚಮಚ ಅನ್ನ. ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಕೊಡಿ. ನೀರು, ಮಜ್ಜಿಗೆ ಊಟದ ಜೊತೆ ಬೇಡ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯುತ್ತಾ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಿ.

ಹಂತ 5: ಮಾತ್ರೆಗಳೂ ಚೀಟಿಯಲ್ಲಿರಲಿ

ವೈದ್ಯರು ಬರೆದುಕೊಟ್ಟ ಮಲ್ಟಿವಿಟಮಿನ್, ಬಿ12, ಡಿ, ಕ್ಯಾಲ್ಸಿಯಂ ಸಿಟ್ರೇಟ್, ಕಬ್ಬಿಣ ಖಾಲಿಯಾಗುವ ಮೊದಲೇ ತನ್ನಿ. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ವಾಂತಿ ಒಂದೆರಡು ದಿನ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ವಾಂತಿಯಿಂದ ಬಿ1 ವಿಟಮಿನ್ ಬರಿದಾದರೆ ನರಗಳಿಗೇ ಪೆಟ್ಟು ಬೀಳುತ್ತದೆ.